ಎತ್ತಿ ಹಿಡಿದರೆ ಓಡುತ್ತದೆ, ನೆಲಕ್ಕಿಟ್ಟರೆ ನಿಲ್ಲುತ್ತದೆ: ಮನೆಯಲ್ಲಿ ಕಟ್ಟಿದ ರೋಬೋಟಿಗೆ ಏನಾಗಿದೆ?

ಪ್ರಶ್ನೆ: "ಸರ್, ನಾವು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರರು. ನಾನು ಓದಿದ್ದು ಬಿ.ಕಾಂ. ಎಂಟನೇ ಕ್ಲಾಸಿನ ಮಗಳ ಜೊತೆ ಸೇರಿ ಮನೆಯಲ್ಲೇ ಒಂದು ರೋಬೋಟ್ ಕಟ್ಟುತ್ತಿದ್ದೇನೆ. ಪ್ರೋಗ್ರಾಮ್ ಹಾಕಿ ನಡೆಸುವ ಆರ್ಡುಯಿನೋ ಊನೋ ಬೋರ್ಡು, ಬೋರ್ಡು ಹೇಳಿದಂತೆ ಮೋಟರಿಗೆ ಕರೆಂಟು ಹರಿಸುವ ಎಲ್298ಎನ್ ಮೋಟರ್ ಡ್ರೈವರ್, ಹಳದಿ ಬಣ್ಣದ ಎರಡು ಗೇರ್ ಮೋಟರು, ಒಂದು 9 ವೋಲ್ಟ್ ಚೌಕ ಬ್ಯಾಟರಿ. ಕೈಯಲ್ಲಿ ಎತ್ತಿ ಹಿಡಿದರೆ ಚಕ್ರ ಚೆನ್ನಾಗಿ ತಿರುಗುತ್ತವೆ. ನೆಲಕ್ಕಿಟ್ಟರೆ ಒಂದು ಸಲ ಜಗ್ಗಿ ನಿಲ್ಲುತ್ತದೆ. ಬೋರ್ಡಿನ ದೀಪ ಆರಿ ಮತ್ತೆ ಹತ್ತುತ್ತದೆ. ಪ್ರೋಗ್ರಾಮ್ ಎಷ್ಟು ತಿದ್ದಿದರೂ ಅದೇ ಕಥೆ. ಕಂಪ್ಯೂಟರಿನ ಕೇಬಲ್ ಸಿಕ್ಕಿಸಿದ್ದಾಗ ಮಾತ್ರ ಬೋರ್ಡು ನಿಲ್ಲುವುದಿಲ್ಲ. ಪರಿಚಯದವರೊಬ್ಬರು ಬೋರ್ಡೇ ಸಣ್ಣದು, ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ತಗೊಳ್ಳಿ ಅಂದರು. ಬ್ಯಾಟರಿ ಸಾಲದೇನೋ ಎಂದು ಹಳೆ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ಎರಡು ಸೆಲ್ ಒಂದರ ಹಿಂದೊಂದು ಜೋಡಿಸಿ 9 ವೋಲ್ಟ್ ಅಡಾಪ್ಟರಿನಿಂದ ಚಾರ್ಜಿಗೆ ಹಾಕಿದೆ. ಸ್ವಲ್ಪ ಹೊತ್ತಿನಲ್ಲೇ ಒಂದು ಸೆಲ್ ಮುಟ್ಟಲಾಗದಷ್ಟು ಬಿಸಿಯಾಯಿತು. ತೆಗೆದಿಟ್ಟಿದ್ದೇನೆ. ಲಿಥಿಯಂ ಎಲ್ಲವೂ ಸಿಡಿಯುತ್ತೆ, ಮನೆಯೊಳಗೆ ಈ ಕೆಲಸ ಬೇಡ ಅಂತ ನನ್ನ ಹೆಂಡತಿ ಹೇಳುತ್ತಿದ್ದಾರೆ. ನಮ್ಮ ಕೊನೆಯ ಆಸೆ, ಕೊಯ್ಲಿನ ಹೊತ್ತಿಗೆ ಕಣದಲ್ಲಿ ಕಾಫಿ ಕೆದಕುವ ರೋಬೋಟ್ ಮಾಡುವುದು. ಅದಕ್ಕೆ ಗುಜರಿಯಿಂದ ಕಾರಿನ ವೈಪರ್ ಮೋಟರ್ ತರಬಹುದಾ, ಇಲ್ಲ 12,000 ರೂಪಾಯಿಯ ಒಂದು ಕಿಟ್ ನೋಡಿದ್ದೇವೆ, ಅದನ್ನೇ ಕೊಳ್ಳಬೇಕಾ?"

ಉತ್ತರ: ಬೇರೆ ಎಲ್ಲಕ್ಕಿಂತ ಮೊದಲು ಆ ಬಿಸಿಯಾದ ಸೆಲ್. ಅದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ತಣ್ಣಗಾಗಿದೆ ಎಂದು ಪರೀಕ್ಷೆಗೂ ಬಳಸಬೇಡಿ. ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಒಂದು ತಗಡಿನ ಡಬ್ಬಿಯಲ್ಲಿ ಒಣ ಮರಳು ಹಾಕಿ, ಅದರೊಳಗೆ ಇಟ್ಟು, ಡಬ್ಬಿಯನ್ನು ಮನೆಯ ಹೊರಗೆ ಮಳೆ ಬೀಳದ ಕಡೆ ಇಡಿ. ಡಬ್ಬಿಯ ಮುಚ್ಚಳ ಗಾಳಿಯಾಡದ ಹಾಗೆ ಬಿಗಿಯಬೇಡಿ. ಪೇಟೆಗೆ ಹೋದಾಗ ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ನಮ್ಮ ಮಲೆನಾಡಿನ ಮನೆಗಳಲ್ಲಿ ಕೈಗೆ ಸಿಕ್ಕ ಕಸವನ್ನೆಲ್ಲ ಬಚ್ಚಲೊಲೆಗೆ ಹಾಕುವ ರೂಢಿ ಇದೆ. ಈ ಸೆಲ್ ಅಲ್ಲಿಗೆ ಹೋದರೆ ಸಿಡಿಯುವುದು ಖಂಡಿತ. ಮನೆಯಲ್ಲಿ ಎಲ್ಲರಿಗೂ, ಕೆಲಸಕ್ಕೆ ಬರುವವರಿಗೂ, ಇದನ್ನು ಹೇಳಿಡಿ.

ಈಗ ರೋಬೋಟಿನ ವಿಷಯಕ್ಕೆ ಬರೋಣ. ನಾನು ಹಾಸನದಲ್ಲಿ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದವನು. ಮನೆಗೆ ಹುಡುಗರು ಹೊತ್ತು ತರುವ ಓಡದ ರೋಬೋಟುಗಳಲ್ಲಿ ಹೆಚ್ಚಿನವುಗಳ ಕಾಯಿಲೆ ನಿಮ್ಮದೇ. ನಿಮಗೆ ಇರುವ ಅನುಮಾನ ಪ್ರೋಗ್ರಾಮಿನ ಮೇಲೆ, ನಿಮ್ಮ ಪರಿಚಯದವರಿಗೆ ಬೋರ್ಡಿನ ಮೇಲೆ. ನಿಮ್ಮ ಪತ್ರದಲ್ಲಿರುವ ಲಕ್ಷಣ ನೋಡಿದರೆ ಎರಡರದ್ದೂ ತಪ್ಪಿಲ್ಲ. ಕೇಬಲ್ ಸಿಕ್ಕಿಸಿದಾಗ ಬೋರ್ಡು ನಿಲ್ಲುವುದಿಲ್ಲ ಎಂದು ನೀವೇ ಬರೆದಿದ್ದೀರಲ್ಲ, ಉತ್ತರ ಅಲ್ಲೇ ಇದೆ. ಪ್ರೋಗ್ರಾಮ್ ತಪ್ಪಿದ್ದರೆ ಕೇಬಲ್ ಇದ್ದಾಗಲೂ ತಪ್ಪೇ ಆಗಬೇಕಿತ್ತು. ಕೇಬಲ್ ಇದ್ದಾಗ ಬೋರ್ಡಿಗೆ ಕರೆಂಟು ಕಂಪ್ಯೂಟರಿನಿಂದ ಬರುತ್ತದೆ. ಇಲ್ಲದಾಗ ಬ್ಯಾಟರಿಯಿಂದಲೇ ಬರಬೇಕು. ಆ ಬ್ಯಾಟರಿ ಸೋಲುತ್ತಿದೆ.

ತೋಟದಲ್ಲಿ ಪಂಪ್‌ಸೆಟ್ ಚಾಲೂ ಮಾಡಿದ ಕ್ಷಣ ಮನೆಯ ಬಲ್ಬು ಮಂಕಾಗಿ ಮತ್ತೆ ಸರಿಹೋಗುವುದನ್ನು ನೀವು ದಿನಾ ನೋಡುತ್ತೀರಿ. ನಿಮ್ಮ ರೋಬೋಟಿನೊಳಗೆ ಆಗುತ್ತಿರುವುದೂ ಅದೇ. ನಿಂತ ಮೋಟರು ತಿರುಗಲು ಶುರುಮಾಡುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ನಿಮ್ಮ ಹಳದಿ ಮೋಟರು ಗಾಳಿಯಲ್ಲಿ ಸುಮ್ನೆ ತಿರುಗುವಾಗ ಎಳೆಯುವುದು 0.2 ಆಂಪಿಯರಿನ ಆಸುಪಾಸು. ಅದೇ ಮೋಟರು ಭಾರ ಹೊತ್ತು ನಿಂತಲ್ಲಿಂದ ಏಳುವಾಗ 1 ಆಂಪಿಯರಿನ ಹತ್ತಿರಕ್ಕೆ ಹೋಗಬಹುದು. ಕೈಯಲ್ಲಿ ಎತ್ತಿ ಹಿಡಿದಾಗ ಈ ಎಳೆತ ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ, ಏಕೆಂದರೆ ಚಕ್ರ ತಕ್ಷಣ ವೇಗ ಹಿಡಿಯುತ್ತದೆ. ನೆಲದ ಮೇಲೆ ರೋಬೋಟಿನ ಭಾರವನ್ನೆಲ್ಲ ಎಳೆಯಬೇಕು. ಹಾಗಾಗಿ ಎಳೆತ ಜಾಸ್ತಿ ಹೊತ್ತು ಇರುತ್ತದೆ.

ಆ ಚೌಕ ಬ್ಯಾಟರಿಯನ್ನು ಮಾಡಿರುವುದು ರಿಮೋಟು, ಮಲ್ಟಿಮೀಟರು, ಹೊಗೆ ಪತ್ತೆ ಮಾಡುವ ಸಾಧನ, ಇಂಥವಕ್ಕೆ. ಅವು ಎಳೆಯುವ ಕರೆಂಟು ತೀರಾ ಕಡಿಮೆ. 9 ಎನ್ನುವ ಅಂಕಿ ನಾಲ್ಕು ಪೆನ್ಸಿಲ್ ಸೆಲ್ಲಿನ 6 ವೋಲ್ಟಿಗಿಂತ ದೊಡ್ಡದು, ಹಾಗಾಗಿ ಶಕ್ತಿಯೂ ಜಾಸ್ತಿ ಎಂದು ತುಂಬಾ ಜನ ನಂಬಿದ್ದಾರೆ. ಹಾಗಲ್ಲ. ಹೊಸ ಅಲ್ಕಲೈನ್ ಚೌಕ ಬ್ಯಾಟರಿಯ ಒಳಗೇ ಸುಮಾರು 2 ಓಮ್ ರೋಧ, ಅಂದರೆ ಕರೆಂಟಿಗೆ ತಡೆ, ಇರುತ್ತದೆ. ಎರಡು ಮೋಟರು ಸೇರಿ 1.5 ಆಂಪಿಯರ್ ಎಳೆದರೆ 3 ವೋಲ್ಟ್ ಬ್ಯಾಟರಿಯ ಒಳಗೇ ಕಳೆದುಹೋಗುತ್ತದೆ. ಹೊರಗೆ ಉಳಿಯುವುದು 6. ನಿಮ್ಮ ಬೋರ್ಡಿಗೆ ಬ್ಯಾಟರಿ ಸಿಕ್ಕಿಸುವ ಗುಂಡು ಪಿನ್ನಿಗೆ ಕೊಡಬೇಕಾದದ್ದು ಕಡಿಮೆ ಎಂದರೂ 7 ವೋಲ್ಟ್. ಬ್ಯಾಟರಿ ಸ್ವಲ್ಪ ಸವೆದ ಮೇಲೆ ಒಳಗಿನ ರೋಧ ಇನ್ನೂ ಏರುತ್ತದೆ, ಆಗ ಹೊರಗಿನ ವೋಲ್ಟೇಜು 4ಕ್ಕೂ ಕುಸಿಯಬಹುದು. ಊನೋದಲ್ಲಿರುವ ಚಿಪ್ಪಿಗೆ ಸಿಗುವ ವೋಲ್ಟೇಜು 2.7ಕ್ಕಿಂತ ಕೆಳಗಿಳಿದರೆ ಅದು ತಾನೇ ರೀಸೆಟ್ ಆಗುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ತಪ್ಪು ಕೆಲಸ ಮಾಡಬಾರದು ಎಂದು ಬೇಕೆಂದೇ ಇಟ್ಟ ಏರ್ಪಾಟು ಅದು. ರೀಸೆಟ್ ಆದೊಡನೆ ಮೋಟರು ನಿಲ್ಲುತ್ತದೆ, ಬ್ಯಾಟರಿ ಚೇತರಿಸಿಕೊಳ್ಳುತ್ತದೆ, ಪ್ರೋಗ್ರಾಮ್ ಮೊದಲಿಂದ ಶುರುವಾಗುತ್ತದೆ, ಮೋಟರು ಮತ್ತೆ ಎಳೆಯುತ್ತದೆ. ನೀವು ಕಂಡ ಜಗ್ಗಾಟ ಇದೇ.

ಇದರ ಜೊತೆಗೆ ಎಲ್298ಎನ್ ಡ್ರೈವರ್ ತನ್ನ ಪಾಲು ತೆಗೆದುಕೊಳ್ಳುತ್ತದೆ. ಅದು ಹಳೆಯ ಕಾಲದ ಚಿಪ್ಪು. 1 ಆಂಪಿಯರ್ ಹರಿಯುವಾಗ ಸುಮಾರು 2 ವೋಲ್ಟನ್ನು ಬಿಸಿಯಾಗಿಸಿ ಕಳೆಯುತ್ತದೆ. ಅದರ ಬೆನ್ನ ಮೇಲೆ ಅಷ್ಟು ದೊಡ್ಡ ಅಲ್ಯೂಮಿನಿಯಂ ರೆಕ್ಕೆ ಇರುವುದು ಈ ಬಿಸಿಗಾಗಿಯೇ. ಸಣ್ಣ ರೋಬೋಟಿಗೆ ಟಿಬಿ6612 ಎನ್ನುವ ಡ್ರೈವರ್ ಒಳ್ಳೆಯದು. ಒಂದೊಂದು ಮೋಟರಿಗೆ 1.2 ಆಂಪಿಯರ್ ಸತತವಾಗಿ ಕೊಡುತ್ತದೆ, ಕಳೆಯುವ ವೋಲ್ಟೇಜು ತುಂಬಾ ಕಡಿಮೆ. ಆದರೆ ಅದನ್ನು ಈಗಲೇ ಕೊಳ್ಳಲು ಓಡಬೇಡಿ. ಮೊದಲು ನಾನು ಹೇಳಿದ್ದು ನಿಜವೋ ಅಲ್ಲವೋ ನೀವೇ ನೋಡಿಕೊಳ್ಳಿ.

ಅದಕ್ಕೆ ಒಂದು ಮಲ್ಟಿಮೀಟರ್ ಸಾಕು. 300–400 ರೂಪಾಯಿಯದ್ದೂ ನಡೆಯುತ್ತದೆ. ಅದರ ಎರಡು ಕಡ್ಡಿಯನ್ನು ಮಗಳು ಬ್ಯಾಟರಿಯ ಎರಡು ತುದಿಗೆ ಹಿಡಿಯಲಿ, ನೀವು ಓಡುವ ಚಕ್ರವನ್ನು ಕೈಯಿಂದ ಮೆಲ್ಲಗೆ ತಡೆಯಿರಿ. ಅಂಕಿ ಎಷ್ಟಕ್ಕೆ ಇಳಿಯಿತು ಎಂದು ಬರೆದಿಡಿ. ಇನ್ನೊಂದು ಪರೀಕ್ಷೆ ಪ್ರೋಗ್ರಾಮಿನೊಳಗೇ ಮಾಡಬಹುದು. ಪ್ರೋಗ್ರಾಮಿನ ಆರಂಭದ ಭಾಗದಲ್ಲಿ, ಅಂದರೆ ಒಂದೇ ಸಲ ನಡೆಯುವ ಭಾಗದಲ್ಲಿ, ಬೋರ್ಡಿನ ಸಣ್ಣ ದೀಪ ಮೂರು ಸಲ ಮಿಣುಕುವ ಹಾಗೆ ಬರೆಯಿರಿ. ನೆಲದ ಮೇಲೆ ಓಡುವಾಗ ಆ ಮೂರು ಮಿಣುಕು ಮತ್ತೆ ಕಂಡರೆ ಬೋರ್ಡು ರೀಸೆಟ್ ಆಗಿದೆ ಎಂದೇ ಅರ್ಥ. ಇಷ್ಟು ಮಾಡಿದ ಮೇಲೆ ಪ್ರೋಗ್ರಾಮ್ ತಿದ್ದುವ ಅಗತ್ಯ ಇದೆಯೋ ಇಲ್ಲವೋ ನಿಮಗೇ ತಿಳಿಯುತ್ತದೆ. ಊಹೆಯ ಮೇಲೆ ಸಾಮಾನು ಕೊಳ್ಳುವುದನ್ನು ಈ ಒಂದು ಅಭ್ಯಾಸ ಎಷ್ಟೋ ಕಡಿಮೆ ಮಾಡುತ್ತದೆ.

ಬೋರ್ಡು ಸಣ್ಣದಾಯಿತು ಎನ್ನುವ ಮಾತಿಗೆ ಒಂದು ಹಳೆಯ ಸಂಗತಿ ಹೇಳಬೇಕು. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಗ್ರೇ ವಾಲ್ಟರ್ ಎಂಬ ಮೆದುಳು ವಿಜ್ಞಾನಿ 1948–49ರಲ್ಲಿ ಎರಡು ಆಮೆ ರೋಬೋಟುಗಳನ್ನು ಕಟ್ಟಿದರು. ಹೆಸರು ಎಲ್ಮರ್ ಮತ್ತು ಎಲ್ಸಿ. ಒಂದೊಂದರ ಮಿದುಳು ಎಂದರೆ ಎರಡೇ ಎರಡು ವಾಲ್ವು, ಹಳೆಯ ರೇಡಿಯೋಗಳಲ್ಲಿ ಇರುತ್ತಿದ್ದಂಥವು. ಕಂಪ್ಯೂಟರ್ ಇಲ್ಲ, ಪ್ರೋಗ್ರಾಮ್ ಇಲ್ಲ. ಆದರೂ ಅವು ಬೆಳಕಿನ ಕಡೆ ಹೋಗುತ್ತಿದ್ದವು, ಅಡ್ಡ ಬಂದದ್ದಕ್ಕೆ ತಾಗಿದರೆ ದಾರಿ ಬದಲಿಸುತ್ತಿದ್ದವು. ನಿಮ್ಮ ಊನೋದಲ್ಲಿ ಇರುವುದು ಸೆಕೆಂಡಿಗೆ 1.6 ಕೋಟಿ ಬಡಿತದ ಚಿಪ್ಪು. ನಿಮ್ಮ ಕೆಲಸಕ್ಕೆ ಅದು ಧಾರಾಳ. ರಾಸ್ಪ್‌ಬೆರಿ ಪೈ ಬೇಕಾಗುವುದು ಕ್ಯಾಮೆರಾದಿಂದ ನೋಡಿ ಗುರುತಿಸುವಂಥ ಕೆಲಸಕ್ಕೆ. ಅಲ್ಲದೆ ಅದು ಊನೋಗಿಂತ ಎಷ್ಟೋ ಜಾಸ್ತಿ ಕರೆಂಟು ಬೇಡುತ್ತದೆ. ಈಗಿನ ಬ್ಯಾಟರಿಗೆ ಅದನ್ನು ಜೋಡಿಸಿದರೆ ಕಾಯಿಲೆ ಹೆಚ್ಚುತ್ತದೆ, ವಾಸಿಯಾಗುವುದಿಲ್ಲ.

ಹಾಗಾದರೆ ಯಾವ ಬ್ಯಾಟರಿ? ಮಗು ಜೊತೆಗಿರುವ ಮನೆಗೆ ನಾನು ಮೊದಲು ಹೇಳುವುದು ನಿಕಲ್ ಮೆಟಲ್ ಹೈಡ್ರೈಡ್ ಸೆಲ್. ನೋಡಲು ಟಾರ್ಚಿನ ಪೆನ್ಸಿಲ್ ಸೆಲ್ ಹಾಗೇ ಇರುತ್ತದೆ, ಮತ್ತೆ ಮತ್ತೆ ಚಾರ್ಜ್ ಮಾಡಬಹುದು. ಒಂದಕ್ಕೆ 1.2 ವೋಲ್ಟ್, 6 ಸೆಲ್ ಸೇರಿದರೆ 7.2. ಒಳಗಿನ ರೋಧ ತುಂಬಾ ಕಡಿಮೆ, ಹಾಗಾಗಿ 2 ಆಂಪಿಯರ್ ಎಳೆದರೂ ಕುಸಿಯುವುದಿಲ್ಲ. ಇದನ್ನು ಮೋಟರಿಗೆ ಮಾತ್ರ ಕೊಡಿ. ಬೋರ್ಡಿಗೆ ಮೊಬೈಲಿನ ಪವರ್ ಬ್ಯಾಂಕಿನಿಂದ ಯುಎಸ್‌ಬಿ ಕೇಬಲ್ ಹಾಕಿ. ಆಗ ಮೋಟರಿನ ಎಳೆತ ಬೋರ್ಡಿಗೆ ತಟ್ಟುವುದಿಲ್ಲ. ಎರಡು ವಿಷಯ ನೆನಪಿರಲಿ. ಬೋರ್ಡಿನ ಗ್ರೌಂಡ್ ಮತ್ತು ಮೋಟರ್ ಬ್ಯಾಟರಿಯ ನೆಗೆಟಿವ್ ಒಂದಕ್ಕೊಂದು ಸೇರಿರಲೇಬೇಕು, ಇಲ್ಲದಿದ್ದರೆ ಬೋರ್ಡು ಹೇಳಿದ್ದು ಡ್ರೈವರಿಗೆ ಅರ್ಥವಾಗುವುದಿಲ್ಲ. ಇನ್ನೊಂದು, ಕೆಲವು ಪವರ್ ಬ್ಯಾಂಕುಗಳು ಕರೆಂಟು ತೀರಾ ಕಡಿಮೆ ಹೋಗುತ್ತಿದ್ದರೆ ಮೊಬೈಲ್ ತೆಗೆದಿದ್ದಾರೆಂದು ತಿಳಿದು ತಾವೇ ಆಫ್ ಆಗುತ್ತವೆ. ನಿಮ್ಮದು ಹಾಗೆ ಮಾಡಿದರೆ ಬೇರೆ ಹಾಕಿ ನೋಡಿ. ಸಾಧ್ಯವಾದರೆ ಪ್ರತಿ ಮೋಟರಿನ ಎರಡು ಕಾಲಿನ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿ, ಬ್ರಷ್ಷಿನ ಕಿಡಿಯಿಂದ ಬರುವ ಗದ್ದಲ ಅಡಗುತ್ತದೆ.

ಇನ್ನು ಲಿಥಿಯಂ. ಎಲ್ಲ ಲಿಥಿಯಂ ಸಿಡಿಯುತ್ತದೆ ಎನ್ನುವುದು ನಿಜವಲ್ಲ, ನಿಮ್ಮ ಮನೆಯ ಪ್ರತಿ ಮೊಬೈಲಿನಲ್ಲೂ ಅದೇ ಇದೆ. ಆದರೆ ನಿಮ್ಮ ಮನೆಯವರು ಹೆದರಿದ್ದು ಸರಿಯಾಗಿಯೇ ಇದೆ. ಮೊಬೈಲಿನಲ್ಲಿ ಸೆಲ್ಲನ್ನು ಕಾಯಲು ಒಂದು ಸರ್ಕ್ಯೂಟ್ ಕೂತಿರುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯ ಡಬ್ಬದಲ್ಲೂ ಇರುತ್ತದೆ. ನೀವು ಡಬ್ಬ ಬಿಚ್ಚಿ ಸೆಲ್ ಮಾತ್ರ ತೆಗೆದಾಗ ಆ ಕಾವಲು ಅಲ್ಲೇ ಉಳಿಯಿತು. 18650 ಎಂಬ ಗಾತ್ರದ ಈ ಸೆಲ್ ಒಂದಕ್ಕೆ ತುಂಬಿದಾಗ 4.2 ವೋಲ್ಟ್. ಅದರ ಮೇಲೆ ಒಂದಿಷ್ಟೂ ಹೋಗಬಾರದು. ಎರಡು ಸೇರಿದರೆ 8.4. ನೀವು ಕೊಟ್ಟದ್ದು 9. ಸಾಲದ್ದಕ್ಕೆ ಹಳೆಯ ಸೆಲ್ಲುಗಳು ಎರಡೂ ಒಂದೇ ಸಮ ಇರುವುದಿಲ್ಲ. ಸೊರಗಿದ ಸೆಲ್ ಬೇಗ ತುಂಬುತ್ತದೆ, ಇನ್ನೊಂದು ತುಂಬುವವರೆಗೂ ಅದರ ಮೇಲೆ ಒತ್ತಡ ಏರುತ್ತಲೇ ಇರುತ್ತದೆ. ಬಿಸಿ ಒಂದು ಮಿತಿ ದಾಟಿದರೆ ಸೆಲ್ಲಿನೊಳಗಿನ ರಾಸಾಯನಿಕ ಕ್ರಿಯೆ ತಾನೇ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ಆಮೇಲೆ ಚಾರ್ಜರ್ ಕಿತ್ತರೂ ಅದು ನಿಲ್ಲುವುದಿಲ್ಲ. ನೀವು ಅದಕ್ಕೆ ಮುಂಚೆ ತೆಗೆದದ್ದು ಒಳ್ಳೆಯದಾಯಿತು.

ಲಿಥಿಯಂ ಬಳಸಲೇಬೇಕು ಎಂದಿದ್ದರೆ ಹೊಸ ಸೆಲ್ ಕೊಳ್ಳಿ. ಒಂದೊಂದೇ ಸೆಲ್ಲನ್ನು ಪ್ರತ್ಯೇಕವಾಗಿ, ರಕ್ಷಣೆ ಇರುವ ಟಿಪಿ4056 ಮಾಡ್ಯೂಲಿನಲ್ಲಿ ಚಾರ್ಜ್ ಮಾಡಿ. ಅದು ಒಂದೇ ಸೆಲ್ಲಿಗೆ ಮಾಡಿದ ಮಾಡ್ಯೂಲು, ಸಾಲಾಗಿ ಜೋಡಿಸಿದ ಎರಡಕ್ಕೆ ಹಾಕಬಾರದು. ಸಾಲಾಗಿ ಬೇಕಾದರೆ ಎರಡು ಸೆಲ್ಲನ್ನೂ ಕಾಯುವ ಬಿಎಂಎಸ್ ಬೋರ್ಡೂ 8.4 ವೋಲ್ಟಿನ ಲಿಥಿಯಂ ಚಾರ್ಜರೂ ಎರಡೂ ಇರಬೇಕು. ಸೆಲ್ಲಿನ ಮೈಮೇಲೆ ಅದರ ಸಾಮರ್ಥ್ಯ 9900 ಎಂಎಎಚ್ ಎಂದು ಬರೆದದ್ದನ್ನು ಕೊಳ್ಳಬೇಡಿ. ಈ ಗಾತ್ರದ ಒಳ್ಳೆಯ ಸೆಲ್ಲುಗಳಲ್ಲಿ 3500ರ ಆಸುಪಾಸು ಇದ್ದರೆ ಅದೇ ಜಾಸ್ತಿ, ಅಷ್ಟು ದೊಡ್ಡ ಸುಳ್ಳು ಬರೆದವರ ಸೆಲ್ಲಿನೊಳಗೆ ಏನಿದೆಯೋ ನಂಬುವ ಹಾಗಿಲ್ಲ. ಹಳೆಯ ಸೆಲ್ 2 ವೋಲ್ಟಿಗಿಂತ ಕೆಳಗಿಳಿದಿದ್ದರೆ ಅದಕ್ಕೆ ಜೀವ ಕೊಡುವ ಪ್ರಯತ್ನ ಬೇಡ, ಒಳಗೆ ಶಾರ್ಟ್ ಆಗುವ ಸಂಭವ ಇರುತ್ತದೆ. ಚಾರ್ಜ್ ಮಾಡುವ ಜಾಗ ಸಿಮೆಂಟ್ ನೆಲ ಇರಲಿ. ಕಾಫಿ ಚೀಲ, ಗೋಣಿ ತಾಟು ಇಟ್ಟ ಕೋಣೆ ಬೇಡವೇ ಬೇಡ. ರಾತ್ರಿ ಹಾಕಿ ಮಲಗಬೇಡಿ. ಸೆಲ್ಲಿನಿಂದ ಹೊಗೆ ಬಂದರೆ ಆ ಹೊಗೆ ವಿಷ, ಮಗುವನ್ನು ಕರೆದುಕೊಂಡು ಹೊರಗೆ ಬನ್ನಿ.

ಕಣದ ರೋಬೋಟಿಗೆ ನಿಮ್ಮ ಮನೆಯಲ್ಲೇ ಇನ್ನೊಂದು ಬ್ಯಾಟರಿ ಇರಬಹುದು: ಬೆನ್ನಿಗೆ ಹಾಕಿಕೊಳ್ಳುವ ಬ್ಯಾಟರಿ ಸ್ಪ್ರೇಯರಿನದ್ದು. ತುಂಬಾ ಸ್ಪ್ರೇಯರುಗಳಲ್ಲಿ 12 ವೋಲ್ಟ್, 8 ಆಂಪಿಯರ್ ಅವರ್ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ, ಚಾರ್ಜರೂ ಜೊತೆಗೇ ಬರುತ್ತದೆ. ಭಾರ ನಿಜ, ಆದರೆ ಕೆದಕುವ ಯಂತ್ರಕ್ಕೆ ಭಾರ ಬೇಕು. ಇದು ಲಿಥಿಯಂ ಹಾಗೆ ತಾನಾಗಿ ಹೊತ್ತಿಕೊಳ್ಳುವ ಬಗೆಯದ್ದಲ್ಲ. ಇದರ ಅಪಾಯ ಬೇರೆ. ಎರಡು ತುದಿಗೆ ಸ್ಪ್ಯಾನರ್ ತಾಗಿದರೆ ಸಾಕು, ತಂತಿ ಕೆಂಪಗೆ ಕಾಯುವಷ್ಟು ಕರೆಂಟು ಹರಿಯುತ್ತದೆ. ಪಾಸಿಟಿವ್ ತುದಿಯ ಪಕ್ಕದಲ್ಲೇ, ಒಂದು ಗೇಣಿನೊಳಗೆ, ಕಾರಿನ ಅಂಗಡಿಯಲ್ಲಿ ಸಿಗುವ ಫ್ಯೂಸ್ ಹಾಕಿ. ಇದು ಬೇಕಿದ್ದರೆ ಹಾಕುವ ವಿಷಯ ಅಲ್ಲ.

ವೈಪರ್ ಮೋಟರ್ ತರಬಹುದು, ಒಳ್ಳೆಯ ಆಯ್ಕೆಯೇ. ಚಿಕ್ಕಮಗಳೂರು, ಹಾಸನದ ಗುಜರಿಗಳಲ್ಲಿ ಹುಡುಕಿದರೆ ಸಿಗುತ್ತವೆ. ನಿಧಾನ ತಿರುಗುತ್ತದೆ, ಬಲ ತುಂಬಾ ಇದೆ. ಆದರೆ ಚಕ್ರ ಸಿಕ್ಕಿಬಿದ್ದರೆ 15–20 ಆಂಪಿಯರ್ ದಾಟಬಹುದು. ನಿಮ್ಮ ಎಲ್298ಎನ್ ಒಂದು ಮೋಟರಿಗೆ ತಾಳುವುದು 2 ಆಂಪಿಯರ್. ಜೋಡಿಸಿದರೆ ಸುಟ್ಟುಹೋಗಬಹುದು. ಬದಲಿಗೆ ಬಿಟಿಎಸ್7960 ಎನ್ನುವ ಡ್ರೈವರ್ ಮಾಡ್ಯೂಲ್ ಹಾಕಿ. ಅದರ ಮೇಲೆ 43 ಆಂಪಿಯರ್ ಎಂದು ಬರೆದಿರುತ್ತದೆ, ಆ ಸಣ್ಣ ರೆಕ್ಕೆಯಲ್ಲಿ ಅಷ್ಟು ಕರೆಂಟನ್ನು ಹೆಚ್ಚು ಹೊತ್ತು ತಾಳುವುದಿಲ್ಲ, ಆದರೂ ನಿಮ್ಮ ಕೆಲಸಕ್ಕೆ ಸಾಕು.

ಇಲ್ಲಿ ಹೆಚ್ಚಿನವರು ಎಡವುವ ಒಂದು ಸೂಕ್ಷ್ಮ ಇದೆ. ಕಾರಿನಲ್ಲಿ ನೆಗೆಟಿವ್ ಎಂದರೆ ಬಾಡಿಯೇ. ಹಾಗಾಗಿ ಎಷ್ಟೋ ವೈಪರ್ ಮೋಟರುಗಳಲ್ಲಿ ನೆಗೆಟಿವ್ ತಂತಿ ಮೋಟರಿನ ಕವಚಕ್ಕೇ ಸೇರಿರುತ್ತದೆ. ನೀವು ಡ್ರೈವರಿನಿಂದ ಮೋಟರನ್ನು ಹಿಂದಕ್ಕೆ ತಿರುಗಿಸಿದಾಗ ಆ ಕವಚವೇ ಪಾಸಿಟಿವ್ ಆಗುತ್ತದೆ. ಎರಡು ಮೋಟರನ್ನು ಒಂದೇ ಕಬ್ಬಿಣದ ಫ್ರೇಮಿಗೆ ಬೋಲ್ಟ್ ಮಾಡಿ, ಒಂದನ್ನು ಮುಂದಕ್ಕೆ ಇನ್ನೊಂದನ್ನು ಹಿಂದಕ್ಕೆ ಓಡಿಸಿದರೆ ಫ್ರೇಮಿನ ಮೂಲಕ ನೇರ ಶಾರ್ಟ್. ಮೊದಲು ಮಲ್ಟಿಮೀಟರನ್ನು ಬೀಪ್ ಮಾಡುವ ಕಡೆ ಇಟ್ಟು ಕವಚಕ್ಕೂ ತಂತಿಗಳಿಗೂ ಸಂಪರ್ಕ ಇದೆಯಾ ನೋಡಿ. ಇದ್ದರೆ ಮೋಟರನ್ನು ಪ್ಲೈವುಡ್ ಮೇಲೆ ಕೂರಿಸಿ. ಮತ್ತೆ, ಈ ಮೋಟರು ಬೆರಳಿಗೆ ನಿಲ್ಲುವುದಿಲ್ಲ. ಚೈನು, ಹಲ್ಲುಚಕ್ರಕ್ಕೆ ಮುಚ್ಚಳ ಇರಬೇಕು. ದೂರದಿಂದಲೇ ಕಾಣುವ ದೊಡ್ಡ ಕೆಂಪು ಸ್ವಿಚ್ ಬ್ಯಾಟರಿ ತಂತಿಯಲ್ಲೇ ಇರಬೇಕು, ಪ್ರೋಗ್ರಾಮಿನಲ್ಲಿ ಅಲ್ಲ. ಹಳದಿ ಮೋಟರಿನ ಕೆಲಸ ಮಗಳಿಗೆ ಬಿಡಿ, ವೈಪರ್ ಮೋಟರಿಗೆ ಕರೆಂಟು ಕೊಡುವಾಗ ನೀವು ಪಕ್ಕದಲ್ಲಿರಿ.

ಕಣದಲ್ಲಿ ಅದು ಕೆಲಸ ಮಾಡುತ್ತದಾ? ನಾನು ಪೂರ್ತಿ ಹೌದು ಎನ್ನಲಾರೆ. ಕಾಫಿಯ ಮೇಲೆ ಚಕ್ರ ಓಡಿಸುವುದೇ ಕಷ್ಟ. ಉರುಳುವ ಕಾಯಿಯ ಮೇಲೆ ಚಕ್ರ ಜಾರುತ್ತದೆ, ಮುಂದಿನ ಸಣ್ಣ ಗಾಲಿಗೆ ಕಾಯಿ ಸಿಕ್ಕಿಕೊಳ್ಳುತ್ತದೆ. ಚೆರ್ರಿ, ಅಂದರೆ ಇಡೀ ಹಣ್ಣು, ಹೇಗೋ ತಾಳೀತು. ಹೊರಸಿಪ್ಪೆ ತೆಗೆದ, ಒಳಸಿಪ್ಪೆ ಮಾತ್ರ ಇರುವ ಪಾರ್ಚ್‌ಮೆಂಟಿನ ಮೇಲೆ ಭಾರದ ಚಕ್ರ ಹತ್ತಿದರೆ ಸಿಪ್ಪೆ ಬಿರಿಯುತ್ತದೆ, ಬೀಜ ಕೆಡುತ್ತದೆ. ನೀವು ಬೆಳೆಗಾರರು, ಅದರ ನಷ್ಟ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಸಂಜೆ ರಾಶಿ ಮಾಡಿ ಟಾರ್ಪಾಲು ಹೊದಿಸುವ ಕೆಲಸವನ್ನಂತೂ ಇದು ಮಾಡದು.

ನಾನಾಗಿದ್ದರೆ ರೋಬೋಟನ್ನು ಕಾಫಿಯ ಮೇಲೆ ಓಡಿಸುವುದಿಲ್ಲ. ಕಣದ ಎರಡು ಕೊನೆಯಲ್ಲಿ ಒಂದೊಂದು ರಾಟೆ ಕೂರಿಸಿ, ನಡುವೆ ಹಗ್ಗ ಹಾಕಿ, ಹಗ್ಗಕ್ಕೆ ಮರದ ಹಲ್ಲಿನ ಬಾಚಣಿಕೆ ಕಟ್ಟುತ್ತೇನೆ. ಒಂದೇ ವೈಪರ್ ಮೋಟರು ಹಗ್ಗವನ್ನು ಎಳೆಯುತ್ತದೆ. ಬಾಚಣಿಕೆ ಕೊನೆ ಮುಟ್ಟಿದಾಗ ಅಲ್ಲಿನ ಲಿಮಿಟ್ ಸ್ವಿಚ್ ಒತ್ತುತ್ತದೆ, ಊನೋ ಮೋಟರನ್ನು ಹಿಂದಕ್ಕೆ ತಿರುಗಿಸುತ್ತದೆ. ಗಂಟೆಗೊಮ್ಮೆ ಎಬ್ಬಿಸುವ ಲೆಕ್ಕ ಪ್ರೋಗ್ರಾಮಿನಲ್ಲಿ ಇರುತ್ತದೆ. ಬ್ಯಾಟರಿ, ಬೋರ್ಡು, ಮೋಟರು ಮೂರೂ ಕಣದ ಅಂಚಿನಲ್ಲಿ ನೆರಳಲ್ಲಿ ಇರುತ್ತವೆ. ಕಾಫಿಯ ಮೇಲೆ ಬಾಚಣಿಕೆಯ ಭಾರ ಮಾತ್ರ. ಒಂದು ನಿಗದಿಯಾದ ಹೊತ್ತಿನೊಳಗೆ ಸ್ವಿಚ್ ಒತ್ತದಿದ್ದರೆ ಮೋಟರ್ ನಿಲ್ಲಬೇಕು ಎನ್ನುವ ಸಾಲನ್ನು ಪ್ರೋಗ್ರಾಮಿಗೆ ಮರೆಯದೆ ಸೇರಿಸಿ. ನಾಯಿ, ಮಗು, ಗೋಣಿಚೀಲ, ಏನಾದರೂ ಅಡ್ಡ ಬರಬಹುದು, ಅಲ್ವಾ? ಇದಕ್ಕೆ ಚಕ್ರ ಇಲ್ಲ ಎಂದು ಮಗಳಿಗೆ ಬೇಸರವಾದರೆ ಹೇಳಿ: ತಾನು ಎಲ್ಲಿದ್ದೇನೆ ಎಂದು ತಿಳಿದು, ಅದರ ಮೇಲೆ ಮುಂದಿನದನ್ನು ತಾನೇ ತೀರ್ಮಾನಿಸುವ ಯಂತ್ರ ಇದು, ರೋಬೋಟೇ. ಮೊದಲು ಕಣದ ಒಂದು ಮೂಲೆಯಲ್ಲಿ, ಚೆರ್ರಿಯ ಮೇಲೆ, ಒಂದು ಡಬ್ಬದಷ್ಟು ಹರಡಿ ನೋಡಿ.

ನಮ್ಮ ಕಡೆಯ ಮಳೆಗಾಲದ ಬಗ್ಗೆಯೂ ಒಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರದ ತೇವದಲ್ಲಿ, ಬೆಸುಗೆ ಇಲ್ಲದೆ ತಂತಿ ಸಿಕ್ಕಿಸುವ ಬ್ರೆಡ್‌ಬೋರ್ಡಿನ ಸಂಪರ್ಕಗಳು ಕಿಲುಬು ಹಿಡಿಯುತ್ತವೆ. ನಿನ್ನೆ ಓಡಿದ್ದು ಇವತ್ತು ಓಡುವುದಿಲ್ಲ. ಪ್ರಯೋಗ ಮುಗಿದ ಸರ್ಕ್ಯೂಟನ್ನು ಬೋರ್ಡಿಗೆ ಬೆಸುಗೆ ಹಾಕಿ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಚಾರ್ಜರನ್ನೂ ಕಂಪ್ಯೂಟರನ್ನೂ ಪ್ಲಗ್ಗಿನಿಂದ ತೆಗೆದುಬಿಡಿ.

ಕೊನೆಗೆ ಆ 12,000 ರೂಪಾಯಿಯ ಕಿಟ್. ನೀವು ಅದನ್ನು ಕೊಳ್ಳುವುದು ಬೇಡ. ಅಂಥ ಕಿಟ್‌ನಲ್ಲಿ ಹೆಚ್ಚಾಗಿ ಇರುವುದು ನಿಮ್ಮ ಹತ್ತಿರ ಈಗಾಗಲೇ ಇರುವ ಬೋರ್ಡು, ಮೋಟರುಗಳ ತರಹದವೇ, ಜೊತೆಗೆ ಒಂದಿಷ್ಟು ಸೆನ್ಸರು ಮತ್ತು ಚೆಂದದ ಪೆಟ್ಟಿಗೆ. ಮಲ್ಟಿಮೀಟರ್, ಬೆಸುಗೆ ಕಡ್ಡಿ, 6 ಸೆಲ್ ಮತ್ತು ಅದರ ಚಾರ್ಜರ್, ಟಿಬಿ6612 ಡ್ರೈವರ್, ಎರಡು ಲಿಮಿಟ್ ಸ್ವಿಚ್, ಇಷ್ಟಕ್ಕೆ ಅದರ ಅರ್ಧವೂ ಬೇಕಾಗುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವವರು ಯಾರಾದರೂ ಇದ್ದರೆ ಪಟ್ಟಿ ಕೊಟ್ಟು ತರಿಸಿ. ಮಗಳ ಶಾಲೆಯಲ್ಲೋ ಹತ್ತಿರದ ಶಾಲೆಯಲ್ಲೋ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಾ ಎಂದೂ ವಿಚಾರಿಸಿ. ಅದು ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗಾಗಿಯೇ ಇರುವ ಜಾಗ, ಸೆನ್ಸರುಗಳನ್ನು ಕೊಳ್ಳದೆಯೇ ಅಲ್ಲಿ ಬಳಸಿ ನೋಡಬಹುದು. ಚಕ್ರ ತಡೆದಾಗ ಬ್ಯಾಟರಿ ಎಷ್ಟು ವೋಲ್ಟಿಗೆ ಇಳಿಯಿತು ಎಂಬ ಅಂಕಿಯನ್ನು ನನಗೆ ಬರೆದು ಕಳಿಸಿ. ಅದು 7ರ ಮೇಲೇ ಇದ್ದೂ ಬೋರ್ಡು ರೀಸೆಟ್ ಆಗುತ್ತಿದ್ದರೆ ಕಾರಣ ವೈರಿಂಗಿನಲ್ಲಿ ಎಲ್ಲೋ ಇದೆ, ಆಗ ನೀವು ಜೋಡಿಸಿದ ಚಿತ್ರವೂ ಬೇಕಾಗುತ್ತದೆ.